ಬೀದಿಗೆ ಕಂಡ ಮುಖ

ಕನ್ನಡಿಯ ಮುಂದೆ ನಿಂತು ಅವನು ಅಳತೆಯ ಟೇಪನ್ನು ತಲೆಗೆ ಸುತ್ತಿಕೊಂಡಿದ್ದ. ತುದಿಗಳು ಸೇರುವಲ್ಲಿನ ಅಂಕಿ ಸರಿಯಾಗಿ ಹಣೆಯ ನಡುವೆಯೇ ಬಂದಿತ್ತು, ಆದರೆ ಕನ್ನಡಿಯಲ್ಲಿ ಅದು ತಿರುಗುಮುರುಗಾಗಿ ಕಾಣುತ್ತಿದ್ದುದರಿಂದ ಓದಲು ಆಗುತ್ತಿರಲಿಲ್ಲ. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆ ಅಳೆಯುವ ಪಾತ್ರೆ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವ ಇಲಾಖೆಯಲ್ಲಿ ಕೂದಲು ನರೆಯುವವರೆಗೆ ದುಡಿದವನಿಗೆ ತನ್ನ ತಲೆಯ ಅಳತೆಯೇ ಸಿಗುತ್ತಿಲ್ಲವಲ್ಲ ಎಂದು ನಗು ಬರಬೇಕಾಗಿತ್ತು. ಬರಲಿಲ್ಲ. ಬಂದದ್ದು ಹೆಂಡತಿ.

"ಏನ್ರೀ ಇದು, ಟೋಪಿ ಹೊಲಿಸ್ತೀರಾ?"

"ಅಗಲ ನೋಡ್ತಿದ್ದೆ. ನನ್ನ ತಲೆ ಚಿಕ್ಕಂದಿನಿಂದ್ಲೂ ಉದ್ದ, ಅಗಲ ಇಲ್ಲ. ಅಣ್ಣಂದು ಮಡಕೆ ಥರ. ಆ ಕಂಬಿ ಸಂದಿಗೆ ನನ್ನ ತಲೆ ಹೋಗಿದ್ರೆ, ಹೋದ ದಾರೀಲೇ ವಾಪಸ್ ಬರ್ತಿತ್ತು."

"ಆಗ ನಿಮಗೆ ಶಾಲೆಗೆ ಸೇರೋ ವಯಸ್ಸೂ ಆಗಿರ್ಲಿಲ್ಲ. ಈಗಿನ ತಲೆ ಅಳೆದು ಆಗಿನ ತಲೆ ಸಾಬೀತು ಮಾಡ್ತೀರಾ?" ಅವಳು ಟೇಪನ್ನು ಬಿಚ್ಚಿ ಸುರುಳಿ ಸುತ್ತಿದಳು. "ನಾನು ನಂಬಿದೀನಲ್ಲ, ಸಾಲ್ದಾ?"

"ನೀನು ನಂಬಿ ಏನು ಪ್ರಯೋಜನ? ನೀನು ಆ ಬೀದಿಯವಳಲ್ಲ."

"ಹೌದು. ನಾನು ಬರೀ ನಿಮ್ಮ ಹೆಂಡತಿ" ಎಂದು ಅವಳು ಟೇಪನ್ನು ಮೇಜಿನ ಖಾನೆಗೆ ಹಾಕಿ ಹೋದಳು. ಆಡಿದ ಮಾತು, ಒಡೆದ ಮುತ್ತು. ಕ್ಷಮೆ ಕೇಳಬೇಕು ಅನ್ನಿಸಿತು. ಆದರೆ ಇವತ್ತು ಅವನ ತಲೆಯಲ್ಲಿ ಒಂದೇ ವಿಷಯಕ್ಕೆ ಜಾಗವಿತ್ತು, ಅದೂ ತಲೆಯದೇ ವಿಷಯ. ಒಂದು ಕಾಲದಲ್ಲಿ ಅವರ ಮನೆಯಿದ್ದ ಬೀದಿಯ ಹುಡುಗನೊಬ್ಬ ಮೆಟ್ಟಿಲ ಬುಡದ ಕಿಟಕಿಯ ಕಂಬಿಗಳ ನಡುವೆ ತಲೆ ತೂರಿಸಿದ್ದ, ಅದು ಸಿಕ್ಕಿಕೊಂಡಿತ್ತು, ಮಧ್ಯಾಹ್ನವಿಡೀ ಬರಲಿಲ್ಲ. ಎಣ್ಣೆ ಹಚ್ಚಿದರು, ಸೋಪು ಹಚ್ಚಿದರು, ಗರಗಸ ತರಲು ಒಬ್ಬನನ್ನು ಓಡಿಸಿದರು. ಕೊನೆಗೆ ಕ್ಷೌರಿಕ ಬಂದು, ಬೀದಿಯಲ್ಲೇ ನಿಂತು ತಲೆಯನ್ನು ನುಣ್ಣಗೆ ಬೋಳಿಸಿದ ಮೇಲೆ ತಲೆ ಜಾರಿ ಹೊರಬಂತು. ಕುಟುಂಬ ಸೇರಿದಾಗಲೆಲ್ಲ ಅಕ್ಕ ಈ ಕಥೆಯನ್ನು ಹೇಳದೆ ಯಾರಿಗೂ ಕೈ ತೊಳೆಯಲು ಬಿಡುತ್ತಿರಲಿಲ್ಲ. ಅಕ್ಕನ ಕಥೆಯಲ್ಲಿ ಆ ಹುಡುಗ ಅವನು. ಅದರಿಂದಾಗಿಯೇ ಅಕ್ಕನ ಮಕ್ಕಳಿಗೆ ಅವನು ಕಂಬಿ ಮಾಮ, ಅಣ್ಣನ ಮಕ್ಕಳಿಗೆ ಕಂಬಿ ಚಿಕ್ಕಪ್ಪ. ಅತ್ತಿಗೆಯಂತೂ ಫೋನಿನಲ್ಲಿ ಅವನ ನಂಬರಿಗೆ ಕಂಬಿ ಎಂದಷ್ಟೇ ಹಾಕಿಕೊಂಡಿದ್ದಳು. ಅದನ್ನು ಅವನೇ ಒಮ್ಮೆ, ಅವಳ ಫೋನು ಹುಡುಕಿಕೊಡಲು ಕರೆ ಮಾಡಿದಾಗ, ಸೋಫಾದ ಸಂದಿಯಲ್ಲಿ ಮಿನುಗುವಾಗ ಕಂಡಿದ್ದ.

ಸಿಕ್ಕಿಕೊಂಡಿದ್ದು ಅಣ್ಣನ ತಲೆ. ಇವನದಲ್ಲ.

ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಒಂದು ಸಂಜೆಯವರೆಗೆ. ಅಣ್ಣ ಕಪ್ಪು ಕೋಟು ಹಾಕಿಕೊಂಡು ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಾಲ. ಆ ಹಿರಿಯ ವಕೀಲರು ಮಗಳನ್ನು ಕರೆದುಕೊಂಡು ಟೀಗೆ ಬಂದಿದ್ದರು, ಸುಮ್ಮನೆ ಬಂದೆವು ಎಂದು. ಸುಮ್ಮನೆ ಯಾರೂ ಮಗಳಿಗೆ ಹೊಸ ಬಟ್ಟೆ ಉಡಿಸಿ ಕರೆತರುವುದಿಲ್ಲ ಎಂಬುದು ಅಮ್ಮನಿಗೆ ಬಾಗಿಲಲ್ಲೇ ಗೊತ್ತಾಗಿತ್ತು. ಮಾತು ನಿಂತಾಗ ತುಂಬಲು ಅಕ್ಕ ಇದ್ದಳು. "ಅಂಕಲ್, ಈ ಕಿಟಕೀದೊಂದು ಕಥೆ ಇದೆ. ನಮ್ಮ ಅಣ್ಣ ಚಿಕ್ಕೋನಿದ್ದಾಗ..." ಎಂದು ಶುರು ಮಾಡಿದಳು. ಅಮ್ಮ ಟೀ ಬಗ್ಗಿಸುತ್ತಲೇ ಅವಳತ್ತ ಒಮ್ಮೆ ನೋಡಿದಳು. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು. ಅಕ್ಕನ ಜಾಣ್ಮೆಯನ್ನು ಮೆಚ್ಚಲೇಬೇಕು, ಉಸಿರು ಕೂಡ ತೆಗೆದುಕೊಳ್ಳದೆ "...ಅಂದ್ರೆ ಅಣ್ಣ ಚಿಕ್ಕೋನಿದ್ದಾಗ, ಈ ನಮ್ಮ ತಮ್ಮ ಇದಾನಲ್ಲ, ಇವನು ಏನ್ಮಾಡಿದ ಗೊತ್ತಾ" ಎಂದು ಬಿಸ್ಕತ್ತಿನ ತಟ್ಟೆ ಹಿಡಿದು ನಿಂತಿದ್ದ ಅವನತ್ತ ಬೆರಳು ಮಾಡಿದಳು. ಹಿರಿಯ ವಕೀಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಮಗಳು ಕರವಸ್ತ್ರದ ಹಿಂದೆ ನಕ್ಕಳು. ಅಣ್ಣನೂ ನಕ್ಕ. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಅವನೂ ನಕ್ಕ, ಅದೇ ಅವನು ಮಾಡಿದ ತಪ್ಪು; ಅಣ್ಣನ ಸರಕನ್ನು ಕೈಯಾರೆ ಇಳಿಸಿಕೊಂಡುಬಿಟ್ಟಿದ್ದ. ಅಣ್ಣನ ಚಡ್ಡಿ, ಅಣ್ಣನ ಷೂ, ಹಿಂದಿನ ಪುಟಗಳು ಹರಿದ ಅಣ್ಣನ ಭೂಗೋಳ ಎಲ್ಲ ಅವನಿಗೇ ಬರುತ್ತಿದ್ದವು, ಇದೂ ಬಂತು. ಅಣ್ಣನಿಗೆ ಬಿಗಿಯಾದದ್ದು ತಮ್ಮನಿಗೆ ಎಂಬುದು ಆ ಮನೆಯ ಕಾನೂನು. ಅಣ್ಣ ಮುಂದೆ ನ್ಯಾಯಾಧೀಶನಾದ ಮೇಲೆ ಅವನಿಗೆ ಇನ್ನಷ್ಟು ನೆನಪುಗಳು ಬಿಗಿಯಾದವು. ಶಾಲೆಯ ನಾಟಕದಲ್ಲಿ ಮಾತು ಮರೆತು ಅಮ್ಮಾ ಎಂದು ಕೂಗಿದ್ದು, ನೆಂಟರ ಮನೆಯ ಹಾಸಿಗೆ ಒದ್ದೆ ಮಾಡಿದ್ದು, ಬಸ್ಸಿನಲ್ಲಿ ಬೇರೆ ಯಾರದೋ ಅಪ್ಪನ ಕೈ ಹಿಡಿದುಕೊಂಡು ಇಳಿದು ಹೋದದ್ದು. ಒಂದಾದ ಮೇಲೊಂದು ಬಂದು ಇವನ ಹೆಸರಿಗೆ ಸೇರಿದವು. ನ್ಯಾಯಾಧೀಶರ ಬಾಲ್ಯ ಒರೆಸಿಟ್ಟ ಕನ್ನಡಕದ ಹಾಗೆ ಸ್ವಚ್ಛವಾಯಿತು, ತಮ್ಮನದು ಮನೆಯ ಗೋಡೌನಾಯಿತು.

ಬಸ್ಸಿನಲ್ಲಿ ಹೆಂಡತಿ ಪಕ್ಕದ ಸೀಟಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ಹಳೆಯ ಬೀದಿಯ ಜನರೆಲ್ಲ ಇವತ್ತು ಅಲ್ಲಿನ ಶಾಲೆಯ ಸಭಾಂಗಣದಲ್ಲಿ ಸೇರುವವರಿದ್ದರು. ಅಕ್ಕನ ಮಗಳದೇ ಉಪಾಯ. ಎಲ್ಲರ ನೆನಪುಗಳನ್ನು ಕ್ಯಾಮೆರಾದಲ್ಲಿ ಹಿಡಿದು ಒಂದು ಚಿತ್ರ ಮಾಡುತ್ತಾಳಂತೆ. ಬೀದಿ ಈಗ ಇಲ್ಲ. ರಸ್ತೆ ಅಗಲ ಮಾಡುವಾಗ ಅವರ ಮನೆ, ಮೆಟ್ಟಿಲು, ಕಿಟಕಿ, ಕೆಳಗಿನ ದರ್ಜಿ ಅಂಗಡಿ ಎಲ್ಲ ಹೋಗಿ ಅಲ್ಲಿ ಈಗ ಬಸ್ಸುಗಳು ತಿರುಗಿಕೊಳ್ಳುತ್ತವೆ. ಆ ಕಂಬಿಗಳ ನಡುವಿನ ಅಂತರವನ್ನು ಅಳೆದು ನೋಡಬೇಕೆಂದು ಅವನಿಗೆ ಹೊಳೆಯುವಷ್ಟರಲ್ಲಿ ಅವು ಗುಜರಿಗೆ ಹೋಗಿದ್ದವು. ಉಳಿದದ್ದು ಒಬ್ಬಳೇ ಸಾಕ್ಷಿ, ದರ್ಜಿ ಅಜ್ಜಿ. ದರ್ಜಿಯ ಹೆಂಡತಿ, ಎದ್ದು ನಡೆಯಲಾರಳು, ಆದರೆ ನಾಲಿಗೆ ನೆಟ್ಟಗಿದೆ ಎಂದು ಅಕ್ಕನ ಮಗಳೇ ಹೇಳಿದ್ದಳು. ಅಕ್ಕನನ್ನು ನಂಬಿಸಲು ಆಗದಿರುವುದಕ್ಕೆ ಒಂದು ಕಾರಣವಿತ್ತು. ಆ ದಿನ ಮನೆಯವರೆಲ್ಲ ಮೆಟ್ಟಿಲ ಕಡೆಯಿಂದ ಎಳೆಯುತ್ತಿದ್ದರು. ಅವರಿಗೆ ಕಂಡದ್ದು ಚಡ್ಡಿ ಹಾಕಿದ ಒಂದು ಹಿಂಭಾಗ, ಒದ್ದಾಡುವ ಎರಡು ಕಾಲು. ಅಂಥ ಹಿಂಭಾಗವನ್ನು ಯಾರ ಹೆಸರಿಗೆ ಬೇಕಾದರೂ ಬರೆಯಬಹುದು. ಮುಖ ಕಂಡದ್ದು ಬೀದಿಗೆ. ಬೀದಿಯಲ್ಲಿ ದರ್ಜಿ ಅಜ್ಜಿ ಇದ್ದಳು, ಅಂಗಡಿಯ ಬಾಗಿಲಲ್ಲಿ ಗುಂಡಿ ಹೊಲಿಯುತ್ತ. ಅವಳು ಇವತ್ತು ಕ್ಯಾಮೆರಾದ ಮುಂದೆ ಒಂದು ಮಾತು ಹೇಳಿದರೆ ಸಾಕು. ಅಣ್ಣನ ಮಾನ ಕಳೆಯಬೇಕೆಂದು ಅವನಿಗೆ ಇರಲಿಲ್ಲ, ಹಾಗೆಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ತನ್ನ ತಲೆ ತನಗೆ ವಾಪಸು ಬೇಕಿತ್ತು, ಅಷ್ಟೇ.

ಏಕೆಂದರೆ ಆ ದಿನ ಅವನೂ ಬೀದಿಯಲ್ಲೇ ಇದ್ದ. ಮನೆಯಲ್ಲಿ ಯಾರ ಕಾಲಿಗೂ ಅಡ್ಡ ಬರಬಾರದೆಂದು ಅವನನ್ನು ಹೊರಗೆ ತಳ್ಳಿದ್ದರು. ನಲ್ಲಿಯ ಬಳಿ ಇಬ್ಬರು ಹೆಂಗಸರ ಜಗಳ ನಡೆದಿತ್ತು, ಅದನ್ನು ನೋಡಲೆಂದೇ ಅಣ್ಣ ತಲೆ ತೂರಿಸಿದ್ದು. ಬೇರೆಯವರ ವ್ಯಾಜ್ಯದಲ್ಲಿ ತಲೆ ಹಾಕುವ ಚಟ ಅವನಿಗೆ ಅಂದಿನಿಂದಲೇ ಇತ್ತೆನ್ನಬೇಕು. ಜಗಳ ಮುಗಿದು, ಆ ಹೆಂಗಸರೂ ಸೇರಿದಂತೆ ಎಲ್ಲರೂ ಬಂದು ನಕ್ಕು, ಸಲಹೆ ಕೊಟ್ಟು, ಬೇಸರವಾಗಿ ಊಟಕ್ಕೆ ಹೋದರು. ಗರಗಸಕ್ಕೆ ಹೋದವನು ಬರಲಿಲ್ಲ. ಒಳಗೆ ಅಮ್ಮ ಸುಸ್ತಾಗಿ ಮೆಟ್ಟಿಲ ಮೇಲೆ ಕೂತಿದ್ದಳು. ಆಗ ಬೀದಿಯಲ್ಲಿ ಉಳಿದದ್ದು ಅಣ್ಣನ ಮುಖ ಮತ್ತು ಅವನು. ಅಣ್ಣ ಅಳುತ್ತಿದ್ದ, ಸದ್ದಿಲ್ಲದೆ, ಕಣ್ಣೀರು ಒರೆಸಿಕೊಳ್ಳಲು ಕೈಯೂ ಈಚೆ ಇರಲಿಲ್ಲ. "ಹಸಿವು ಕಣೋ" ಅಂದಿದ್ದ. ಇವನು ದರ್ಜಿ ಅಂಗಡಿಯ ಸ್ಟೂಲನ್ನು ಎಳೆದು ತಂದು, ಅದರ ಮೇಲೆ ಹತ್ತಿ, ಜೇಬಿನಲ್ಲಿದ್ದ ಬಿಸ್ಕತ್ತನ್ನು ಅವನ ಬಾಯಿಗಿಟ್ಟ. ಅಣ್ಣ ಕೆಮ್ಮಿದ, ಕಂಬಿ ಕತ್ತನ್ನು ಹಿಡಿದಿದ್ದರಿಂದ ಒಣ ಬಿಸ್ಕತ್ತು ಇಳಿಯಲು ದಾರಿಯಿರಲಿಲ್ಲ. ಆಗ ಅವನು ಇಳಿದು, ದರ್ಜಿ ಇಸ್ತ್ರಿಗೆ ಚಿಮುಕಿಸಲು ಇಟ್ಟಿದ್ದ ತಗಡಿನ ಮಗ್ಗನ್ನು ತಂದು, "ಒಣದು ಇಳಿಯಲ್ಲ, ನೆನೆಸಿ ಕೊಡ್ತೀನಿ" ಎಂದು ಒಂದೊಂದೇ ಚೂರನ್ನು ನೀರಿನಲ್ಲಿ ಅದ್ದಿ ತಿನ್ನಿಸಿದ್ದ. ಅಷ್ಟು ಚಿಕ್ಕವನಿಗೆ ಅದು ಹೇಗೆ ಹೊಳೆಯಿತೋ. ತನ್ನ ಇಡೀ ಬದುಕಿನಲ್ಲಿ ಇನ್ನೊಬ್ಬರಿಗೆ ಅಷ್ಟು ಸರಿಯಾಗಿ ಉಪಕಾರ ಮಾಡಿದ್ದು ಅವನಿಗೆ ಬೇರೆ ನೆನಪಿಲ್ಲ. ಆ ಕಥೆಯಲ್ಲಿ ತಲೆ ಅವನದಾದರೆ, ಸ್ಟೂಲಿನ ಮೇಲೆ ನಿಂತವನಾರು? ಯಾರೂ ಇಲ್ಲ. ಅವನನ್ನು ಕಿಟಕಿಗೆ ಸಿಕ್ಕಿಸಿದ ದಿನವೇ ಆ ಸ್ಟೂಲು ಖಾಲಿಯಾಗಿತ್ತು. "ಇಳಿಯೋದಿಲ್ವೇನ್ರೀ?" ಎಂದು ಹೆಂಡತಿ ಭುಜ ಅಲ್ಲಾಡಿಸಿದಳು. ಬಸ್ಸು ಅವರ ಮನೆಯಿದ್ದ ಜಾಗದಲ್ಲೇ ತಿರುಗಿಕೊಳ್ಳುತ್ತಿತ್ತು.

ಸಭಾಂಗಣದ ಬಾಗಿಲಿಗೆ 'ನಮ್ಮ ಬೀದಿ, ನಮ್ಮ ನೆನಪು' ಎಂಬ ಬಟ್ಟೆ ಕಟ್ಟಿತ್ತು. ಒಳಗೆ ಕಬ್ಬಿಣದ ಸರಳಿನ ಬೆನ್ನಿನ ಹಳೆಯ ಕುರ್ಚಿಗಳು, ಒಂದು ಮೇಜಿನ ಮೇಲೆ ಟೀ ಕ್ಯಾನು, ಬಿಸ್ಕತ್ತು, ನೀರು, ಮತ್ತು ಜನವೋ ಜನ. ಚರಂಡಿಯ ಗಡಿಗಾಗಿ ಕೋರ್ಟು ಹತ್ತಿದ್ದ ಎರಡು ಮನೆಯವರು ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಬಿಕ್ಕುತ್ತಿದ್ದರು. ಹಿಟ್ಟಿನ ಗಿರಣಿಯವನ ಮಗ ಮೈಕು ಹಿಡಿದು "ಆಗ ನಮ್ಮ ಬೀದೀಲಿ ಯಾರೂ ಬಾಗಿಲಿಗೆ ಬೀಗ ಹಾಕ್ತಿರ್ಲಿಲ್ಲ" ಅನ್ನುತ್ತಿದ್ದ. ಎಲ್ಲರೂ ಹೌದು ಹೌದು ಎಂದು ತಲೆದೂಗಿದರು. ಅವನ ಅಪ್ಪ ಗಿರಣಿಗೆ ಮೂರು ಬೀಗ ಹಾಕಿ, ಎಳೆದು ನೋಡಿ, ಅರ್ಧ ದಾರಿ ಹೋಗಿ, ವಾಪಸು ಬಂದು ಮತ್ತೆ ಎಳೆದು ನೋಡುತ್ತಿದ್ದುದು ಯಾರಿಗೂ ನೆನಪಿರಲಿಲ್ಲ, ಅಥವಾ ನೆನಪಿದ್ದವರು ಟೀ ಕುಡಿಯುತ್ತಿದ್ದರು. ದೂರದ ಬೆಟ್ಟ ನುಣ್ಣಗೆ. ಇವನಿಗೆ ಕೆಲಸದ ಅಭ್ಯಾಸ. ಈ ನೆನಪುಗಳನ್ನೆಲ್ಲ ಒಂದು ತಕ್ಕಡಿಗೆ ಹಾಕಿದರೆ ಒಂದಕ್ಕಾದರೂ ಮುದ್ರೆ ಒತ್ತುವಂತಿಲ್ಲ ಎಂದು ಲೆಕ್ಕ ಹಾಕುತ್ತ ನಿಂತಿದ್ದಾಗ ಅಕ್ಕ ಅಲ್ಲಿಂದಲೇ ಕೂಗಿದಳು. "ಏ ಕಂಬಿ, ಬಾರೋ ಇಲ್ಲಿ! ನೋಡ್ರಪ್ಪ, ಬಂದ ನಮ್ಮ ಹೀರೋ!" ಇಡೀ ಸಭೆ ತಿರುಗಿ ನೋಡಿ ನಕ್ಕಿತು. ಅವನು ಅಭ್ಯಾಸಬಲದಿಂದ ತಲೆಯನ್ನು ಎರಡು ಕೈಗಳ ನಡುವೆ ಹಿಡಿದು ಎಳೆಯುವ ಹಾಗೆ ಮಾಡಿ ತೋರಿಸಿದ. ಎಂದಿನಿಂದಲೋ ಮಾಡುತ್ತ ಬಂದ ನಟನೆ ಅದು. ಮಾಡಿದ ಮೇಲೆ ಹೆಂಡತಿಯ ಮುಖ ನೋಡಲು ನಾಚಿಕೆಯಾಯಿತು.

ಕೈ ತೊಳೆಯುವ ಕೋಣೆಯಲ್ಲಿ ಅಣ್ಣ ಒಬ್ಬನೇ ಕನ್ನಡಿಯ ಮುಂದೆ ನಿಂತು ಕಿವಿಯ ಮೇಲಿನ ಕೂದಲನ್ನು ಒದ್ದೆ ಮಾಡಿ ಹಿಂದಕ್ಕೆ ಬಾಚುತ್ತಿದ್ದ. ನಿವೃತ್ತನಾದರೂ ಪೀಠದಿಂದ ಇಳಿದವನ ಹಾಗೆ ಕಾಣುತ್ತಿರಲಿಲ್ಲ; ಬಾಚಣಿಗೆಯನ್ನೂ ಆದೇಶ ಓದುವವನ ಗತ್ತಿನಲ್ಲಿ ಹಿಡಿದಿದ್ದ. ಒದ್ದೆ ಕೂದಲ ನಡುವೆ, ಬಲಗಿವಿಯ ಹಿಂದೆ, ಹಳೆಯ ಗಾಯದ ಗುರುತೊಂದು ಬೆಳ್ಳಗೆ ಕಂಡಿತು. ಕಂಬಿಯ ಚೂಪು ತಾಗಿದ ಜಾಗ. ಇಷ್ಟು ವರ್ಷಗಳಲ್ಲಿ ಬಾಯಿಬಿಟ್ಟು ಕೇಳಿರಲಿಲ್ಲ, ಈಗ ಬಾಯಿ ತಾನಾಗಿ ಕೇಳಿತು.

"ಅಣ್ಣ, ಆ ಗುರುತು... ಹೇಗಾಯ್ತು ಅದು?"

ಅಣ್ಣ ಬಾಚಣಿಗೆ ನಿಲ್ಲಿಸಿದ. ಕನ್ನಡಿಯೊಳಗಿಂದಲೇ ಅವನನ್ನು ನೋಡಿದ. ಕಕ್ಷಿದಾರನೊಬ್ಬ ಕೇಳಬಾರದ್ದನ್ನು ಕೇಳಿದಾಗ ಕಡತ ಮುಚ್ಚುವ ಹಾಗೆ ಬಾಚಣಿಗೆಯನ್ನು ಜೇಬಿಗೆ ಹಾಕಿಕೊಂಡ.

"ಇದಾ? ನಿನ್ನ ಎಳೆದು ತೆಗೆಯೋಕೆ ಹೋದಾಗ ಆಗಿದ್ದಲ್ವೇನೋ" ಎಂದ. "ನಿನಗೆ ಹೇಗೆ ನೆನಪಿರುತ್ತೆ ಬಿಡು. ನೀನು ತುಂಬ ಚಿಕ್ಕವನು." ಅವನ ಭುಜವನ್ನು ತಟ್ಟಿದ, ಅದರಲ್ಲಿ ಕರುಣೆಯಿತ್ತು. "ಧೈರ್ಯವಾಗಿದ್ದೆ ಕಣೋ ನೀನು ಅವತ್ತು."

ಅವನು ಸಿಟ್ಟಿನಲ್ಲೇ ಹೊರಗೆ ಬಂದ. ತಲೆಯನ್ನು ಕೊಟ್ಟಾಗಿತ್ತು, ಈಗ ಗಾಯಕ್ಕೂ ಹೊಸ ಜಾತಕ ಬರೆದಾಗಿತ್ತು. ಸಿಕ್ಕಿಕೊಂಡವನು ರಕ್ಷಕನಾಗಿದ್ದ. ಅಣ್ಣ ಸುಳ್ಳು ಹೇಳುತ್ತಿದ್ದಾನೋ, ಅಕ್ಕನ ಕಥೆಯನ್ನು ಕೇಳೀ ಕೇಳೀ ನಂಬಿಬಿಟ್ಟಿದ್ದಾನೋ? ಮರೆತಿದ್ದಾನೆ ಎಂದುಕೊಂಡರೆ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತಿತ್ತು. ಮರೆತಿರಲಿ, ಅವನ ಪಾಡಿಗೆ ಮರೆತಿರಲಿ, ಅಜ್ಜಿ ಬರಲಿ. ಅಜ್ಜಿ ಬಂದಳು. ಗಾಲಿ ಕುರ್ಚಿಯಲ್ಲಿ ಅವಳನ್ನು ಮೊಮ್ಮಗಳೊಬ್ಬಳು ತಳ್ಳಿಕೊಂಡು ಬಂದು ಕ್ಯಾಮೆರಾದ ಎದುರು ನಿಲ್ಲಿಸಿದಳು. ಒಂದು ಹಿಡಿಯಷ್ಟಾಗಿದ್ದಳು. ಆದರೆ ಬಂದವಳೇ ಅಕ್ಕನ ಮಗಳ ತೋಳು ಮುಟ್ಟಿ "ಈ ಹೊಲಿಗೆ ನಿಲ್ಲಲ್ಲ ಮಗಳೇ, ಯಾರು ಹೊಲಿದಿದ್ದು?" ಎಂದಳು. ಸಾಕ್ಷಿ ಗಟ್ಟಿಯಾಗಿದ್ದಾಳೆ ಎಂದು ಅವನು ಮುಂದಿನ ಸಾಲಿಗೆ ಬಂದು ಕೂತ. ಅಣ್ಣ ಅದೇ ಸಾಲಿನ ಆ ತುದಿಯಲ್ಲಿ ಕಾಲಮೇಲೆ ಕಾಲು ಹಾಕಿ ಕೂತಿದ್ದ. ಹೆಂಡತಿ ಹಿಂದೆಲ್ಲೋ ಇದ್ದಳು.

"ಅಜ್ಜಿ, ನಮ್ಮ ಮನೆ ಕಿಟಕಿ ನೆನಪಿದ್ಯಾ? ತಲೆ ಸಿಕ್ಕಾಕೊಂಡಿದ್ದು?" ಎಂದು ಅಕ್ಕನ ಮಗಳು ಮೈಕನ್ನು ಹತ್ತಿರ ಹಿಡಿದಳು.

"ನೆನಪಿಲ್ದೆ ಏನು?" ಅಜ್ಜಿ ನಕ್ಕಳು. "ನಮ್ಮೆಜಮಾನ್ರು ಅವತ್ತು ಒಂದು ಗುಂಡಿನೂ ಸರಿಯಾಗಿ ಇಡ್ಲಿಲ್ಲ, ನಗ್ತಾ ನಗ್ತಾ. ಪಾಪ, ಮುಖ ಟೊಮೆಟೊ ಆಗಿತ್ತು ಹುಡುಗಂದು."

"ಯಾರದು ಅಜ್ಜಿ, ಹುಡುಗ? ಇಲ್ಲೇ ಇದ್ದಾರೆ, ತೋರಿಸಿ ನೋಡೋಣ."

ಅಕ್ಕ ಆಗಲೇ ಅವನತ್ತ ನೋಡಿ ನಗಲು ಬಾಯಿ ತೆರೆದಿದ್ದಳು. ಅಜ್ಜಿ ಮುಂದಿನ ಸಾಲನ್ನು ಈ ತುದಿಯಿಂದ ನೋಡುತ್ತ ಹೋದಳು. ಅವನ ಮುಖದ ಮೇಲೆ ಅವಳ ಕಣ್ಣು ನಿಲ್ಲಲಿಲ್ಲ. ಆ ತುದಿಗೆ ಹೋಗಿ ನಿಂತಿತು.

"ಅವನೇ ಅಲ್ವಾ? ದೊಡ್ಡವನು. ಆ ದಪ್ಪ ತಲೆ ಮರೆಯೋಕಾಗುತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನ್ಯಾಯಾಧೀಶರ ಕೈ ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು. ಇಷ್ಟು ವರ್ಷ ಇತರರನ್ನು ಕಂಬಿ ಎಣಿಸಲು ಕಳಿಸಿದ ಕೈ. ತಮ್ಮನಿಗೆ ಎದ್ದು ಕುಣಿಯಬೇಕೆನ್ನಿಸಿತು. ಹಿಂತಿರುಗಿ ಹೆಂಡತಿಯನ್ನು ಹುಡುಕಿದ.

"ಇಲ್ಲ ಅಜ್ಜಿ" ಎಂದು ಅಕ್ಕ ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದಳು. "ಅದು ಚಿಕ್ಕವನು. ನಮ್ಮ ತಮ್ಮ. ಇಲ್ಲಿ ಕೂತಿದಾನಲ್ಲ, ಇವನು."

"ಚಿಕ್ಕವನಾ?" ಅಜ್ಜಿ ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. "ಆ ಮನೇಲಿ ಚಿಕ್ಕವನು ಯಾರಿದ್ದ? ಒಂದು ಹುಡುಗ, ಒಂದು ಹುಡುಗಿ. ಇಬ್ರೇ ಅಲ್ವಾ?"

ಯಾರೋ ನಕ್ಕರು. ಗಿರಣಿಯವನ ಮಗ, ಕರೆಯದೆ ಊಟಕ್ಕೆ ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿದ. ಅವನು ಸುತ್ತ ನೋಡಿದ. ಇಷ್ಟು ಜನರಲ್ಲಿ ಯಾರಾದರೂ 'ಇದ್ದ ಕಣಜ್ಜಿ, ಆ ಸಣ್ಣವ, ಇಂಥ ಅಂಗಿ ಹಾಕುತ್ತಿದ್ದವ' ಅನ್ನುತ್ತಾರೆಯೇ ಎಂದು ಒಂದೊಂದೇ ಮುಖ ನೋಡಿದ. ಅವರೆಲ್ಲ ನೆನಪಿಸಿಕೊಳ್ಳಲು ಪ್ರಯತ್ನಿಸುತ್ತಿದ್ದುದು ಕಾಣುತ್ತಿತ್ತು, ಸಿಗದೆ ಇದ್ದದ್ದೂ ಕಾಣುತ್ತಿತ್ತು. ಅವರಿಗೆ ಗೊತ್ತಿದ್ದುದು ಕಂಬಿ. ಅದನ್ನು ಕಿತ್ತರೆ ಅದರ ಹಿಂದೆ ಮನುಷ್ಯನೊಬ್ಬ ಇರಲಿಲ್ಲ. ಬೀದಿಯಲ್ಲಿ ಅವನು ಓಡಿದ್ದು, ಬಿದ್ದದ್ದು, ಜ್ವರ ಬಂದು ಮಲಗಿದ್ದು ಎಲ್ಲ ಅವನೊಬ್ಬನೇ ಕಂಡ ಕನಸಿನ ಹಾಗಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇಲ್ಲಿ ತುತ್ತು ಬಂದಿತ್ತು, ಬಾಯಿಯೇ ಇರಲಿಲ್ಲ. ತಲೆಯನ್ನು ವಾಪಸು ಪಡೆದು ಬೀದಿಗೆ ಯಾರೂ ಅಲ್ಲದವನಾಗಿ ಮನೆಗೆ ಹೋಗುವುದೋ? ಭಯವಾಯಿತು, ಮಗುವಿಗೆ ಆಗುವಂಥ ಭಯ. ಎದ್ದು ನಿಂತ.

"ಅಜ್ಜಿ, ನಾನೇ" ಎಂದ. "ಅದು ನನ್ನದೇ ತಲೆ."

ಅಕ್ಕನ ಮಗಳು ಮೈಕನ್ನು ಅವನ ಕೈಗೆ ಕೊಟ್ಟಳು. ಅವನು ಹೇಳಿದ. ಅಕ್ಕ ಎಂದೂ ಹೇಳಿರದಷ್ಟು ಚೆನ್ನಾಗಿ ಹೇಳಿದ, ಏಕೆಂದರೆ ಅಕ್ಕ ಹಿಂದಿನಿಂದ ನೋಡಿದ್ದಳು, ಅವನು ಮುಂದಿನಿಂದ. ಸೋಪಿನ ನೊರೆ ಕಣ್ಣಿಗೆ ಇಳಿದದ್ದು, ನಲ್ಲಿ ಜಗಳದ ಹೆಂಗಸರು ರಾಜಿಯಾಗಿ ಒಟ್ಟಿಗೆ ನಕ್ಕದ್ದು, ಕ್ಷೌರಿಕ ಅರ್ಧ ತಲೆ ಬೋಳಿಸಿ ಬೀಡಿ ಹಚ್ಚಲು ಹೋದದ್ದು. ಜನ ಬಿದ್ದು ಬಿದ್ದು ನಕ್ಕರು. ಅಜ್ಜಿಯೂ ಅನುಮಾನ ಬಿಟ್ಟು ನಗತೊಡಗಿದಳು. ತಾನಲ್ಲದ ಮುಖದ ಒಳಗೆ ಕೂತು ಅವನು ಬೀದಿಯನ್ನು ನೋಡುತ್ತಿದ್ದ. ನಗು ಏರುತ್ತಿದ್ದ ಹಾಗೆ ಧೈರ್ಯ ಬಂತು. ತನ್ನದೊಂದು ಚೂರನ್ನು ಇದರೊಳಗೆ ಕದ್ದು ಸೇರಿಸಿಬಿಡೋಣ, ಯಾರಿಗೂ ನಷ್ಟವಿಲ್ಲ ಅನ್ನಿಸಿತು. "ಎಲ್ಲರೂ ಊಟಕ್ಕೆ ಹೋದ್ರು. ನಾನು ಹಸಿವು ಅಂತ ಅಳ್ತಿದ್ದೆ. ಆಗ ಒಬ್ಬ ಹುಡುಗ ಬಂದ. ದರ್ಜಿ ಅಂಗಡಿ ಸ್ಟೂಲು ಎಳ್ಕೊಂಡು ಬಂದು, ಅದರ ಮೇಲೆ ಹತ್ತಿ, ನನ್ನ ಬಾಯಿಗೆ ಬಿಸ್ಕತ್ತು ಇಟ್ಟ." ಮುಂದಿನದಕ್ಕೆ ಅಜ್ಜಿ ಬಿಡಲಿಲ್ಲ.

"ಸ್ಟೂಲು!" ಎಂದು ಅಜ್ಜಿ ಕೂಗಿದಳು. "ಸ್ಟೂಲು ನಮ್ಮದೇ! ಒಂದು ಕಾಲು ಗಿಡ್ಡ ಇತ್ತು ಅದಕ್ಕೆ. ನೆನಪಿದೆ ನೆನಪಿದೆ."

"ಆ ಹುಡುಗ ಯಾರು ಮಾಮ?" ಎಂದು ಅಕ್ಕನ ಮಗಳು ಕೇಳಿದಳು.

ಅವನು ಬಾಯಿ ತೆರೆದ. ಆ ತುದಿಯ ಕುರ್ಚಿ ಕಿರ್ರೆಂದಿತು. ಅಣ್ಣ ಎದ್ದು ನಿಂತಿದ್ದ.

"ನಾನು" ಎಂದ ಅಣ್ಣ.

ಚಪ್ಪಾಳೆ ಮೊಳಗಿತು. ಅಕ್ಕ ಕಣ್ಣೊರೆಸಿಕೊಂಡು "ಅಯ್ಯೋ, ಅಣ್ಣ ಇಷ್ಟು ವರ್ಷ ಇದನ್ನ ಹೇಳ್ಕೊಂಡೇ ಇಲ್ಲ ನೋಡಿ!" ಎಂದಳು. ಅತ್ತಿಗೆ ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು. ಅವನು ಮೈಕು ಹಿಡಿದು ನಿಂತೇ ಇದ್ದ. ಕೊನೆಯದೂ ಹೋಯಿತು. ಕಳ್ಳನ ಮನೆಯ ಬಾಗಿಲಿಗೆ ತಾನೇ ಕೊಂಡೊಯ್ದು ಇಟ್ಟು, ಕದ ತಟ್ಟಿ, ತಗೋ ಎಂದಿದ್ದ. ಸಿಟ್ಟು ಬರಬೇಕಾಗಿತ್ತು. ಬಂದದ್ದು ನಗು, ಅದು ನಿಲ್ಲುತ್ತದೋ ಇಲ್ಲವೋ ಎಂದು ಹೆದರಿಕೆಯಾಗುವಂಥ ನಗು.

"ಮಾಡಿ ತೋರಿಸಿ, ಇಬ್ರೂ ಮಾಡಿ ತೋರಿಸಿ, ಪ್ಲೀಸ್" ಎಂದು ಅಕ್ಕನ ಮಗಳು ಒಂದು ಕುರ್ಚಿಯನ್ನು ಎಳೆದು ತಂದಳು. ಅದರ ಬೆನ್ನಿನ ಕಬ್ಬಿಣದ ಸರಳುಗಳ ಹಿಂದೆ ಅವನನ್ನು ಮಂಡಿಯೂರಿ ಕೂರಿಸಿದಳು. "ಮಾಮ, ಮುಖ ಸರಳಿಗೆ ಒತ್ತಿ. ಹಾಂ, ಹಾಗೆ. ದೊಡ್ಡ ಮಾಮ, ನೀವು ಈ ಕಡೆಯಿಂದ ಬಿಸ್ಕತ್ತು ಕೊಡಿ." ಸರಳು ಕೆನ್ನೆಗೆ ತಣ್ಣಗೆ ತಾಗಿತು. ಹೆಂಡತಿ ಗುಂಪಿನಿಂದ ಮುಂದೆ ಬಂದು ನಿಂತಿದ್ದಳು. ಸಾಕು ಏಳಿ ಎಂದು ಅವಳ ಕಣ್ಣು ಹೇಳುತ್ತಿತ್ತು. ಅವನು ಏಳಲಿಲ್ಲ. ಅಣ್ಣ ಮೇಜಿನ ಬಳಿ ಹೋಗಿ ಬಿಸ್ಕತ್ತು ತಂದ, ಕಷ್ಟಪಟ್ಟು ಸರಳಿನ ಆಚೆ ಕೂತ. ಬಿಸ್ಕತ್ತನ್ನು ಅವನ ಬಾಯಿಯ ತನಕ ತಂದು, ಕೈ ನಿಲ್ಲಿಸಿದ. ಏನೋ ನೆನಪಾದವನ ಹಾಗೆ ಮತ್ತೆ ಎದ್ದ. ಮೇಜಿನಿಂದ ಒಂದು ಲೋಟ ನೀರು ತಂದ.

"ನೀರು ಯಾಕೆ ಮಾಮ?" ಎಂದು ಕ್ಯಾಮೆರಾದ ಹಿಂದಿನಿಂದ ಕೇಳಿದಳು ಅಕ್ಕನ ಮಗಳು. ಅಣ್ಣ ಬಿಸ್ಕತ್ತನ್ನು ಚೂರು ಮಾಡಿದ. ಒಂದು ಚೂರನ್ನು ನೀರಿನಲ್ಲಿ ಅದ್ದಿದ. ಎತ್ತಿದ ಚೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಣದು ಇಳಿಯಲ್ಲ" ಎಂದ, ಅವನಿಗಷ್ಟೇ ಕೇಳುವ ಹಾಗೆ.

ನೀರಿನ ಮಾತನ್ನು ಅವನು ಮೈಕಿನಲ್ಲಿ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಅದು ಗೊತ್ತಿದ್ದುದು ಸ್ಟೂಲಿನ ಮೇಲೆ ನಿಂತವನಿಗೆ, ಮತ್ತು ಅದನ್ನು ತಿಂದವನಿಗೆ. ಹಾಗಾದರೆ ಮರೆತಿರಲಿಲ್ಲ. ಆ ಟೀಯ ಸಂಜೆ ನಕ್ಕಾಗಲೂ, ಭುಜ ತಟ್ಟಿ ಧೈರ್ಯವಾಗಿದ್ದೆ ಅಂದಾಗಲೂ, ಈಗ ಎದ್ದು ನಾನು ಅಂದಾಗಲೂ ಅಣ್ಣನಿಗೆ ಎಲ್ಲ ನೆನಪಿತ್ತು. ಮರೆತಿದ್ದಾನೆ ಎಂದುಕೊಂಡದ್ದೇ ಸುಖವಾಗಿತ್ತು. ಅವನು ಸರಳುಗಳ ಸಂದಿನಿಂದ ಅಣ್ಣನ ಮುಖ ನೋಡಿದ. ಅಣ್ಣ ಅವನ ಕಣ್ಣು ತಪ್ಪಿಸಿ ಬಿಸ್ಕತ್ತನ್ನೇ ನೋಡುತ್ತಿದ್ದ, ಮುಖ ಟೊಮೆಟೊ ಆಗಿತ್ತು. ಹೇಳಿಬಿಡಬಹುದು. ಒಂದೇ ಮಾತು. ಮೈಕು ಹತ್ತಿರದಲ್ಲೇ ಇತ್ತು.

"ಬಾಯಿ ತೆಗೀರಿ ಮಾಮ" ಎಂದಳು ಅಕ್ಕನ ಮಗಳು.

ಅವನು ಬಾಯಿ ತೆರೆದ. ನೆನೆದ ಬಿಸ್ಕತ್ತು ನಾಲಿಗೆಯ ಮೇಲೆ ಬಿತ್ತು, ಮೆತ್ತಗಿತ್ತು, ಸುಲಭವಾಗಿ ಇಳಿಯಿತು. ಅಣ್ಣ ಇನ್ನೊಂದು ಚೂರನ್ನು ನೀರಿಗೆ ಅದ್ದಿದ.